ರಾಜೀನಾಮೆ ಆಮೇಲೆ, ಮೊದಲು ಒಂಬತ್ತನೇ ಕ್ಲಾಸಿಗೆ ಹೋಗಿ ಬನ್ನಿ

ಈ ಸಲ ಬಂದ ಪ್ರಶ್ನೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಬಡಾವಣೆ ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ‘ನಲವತ್ತೈದು ದಾಟಿದೆ, ಈಗಿನ ಕೆಲಸ ಸಾಕಾಗಿದೆ, ಮನಸ್ಸಿಗೆ ಖುಷಿ ಕೊಡುವ ಹೊಸ ಕೆಲಸ ಯಾವುದಾದರೂ ಹೇಳಿ.’ ನಾನೇನು ಔಷಧಿ ಅಂಗಡಿ ಇಟ್ಟಿದ್ದೀನಾ, ಕೇಳಿದ ತಕ್ಷಣ ಡಬ್ಬಿ ತೆಗೆದುಕೊಡೋಕೆ? ರೆಸ್ಯೂಮೆ ಹೇಗೆ ಬರೆಯಬೇಕು, ಲಿಂಕ್ಡ್‌ಇನ್‌ಗೆ ಯಾವ ಫೋಟೋ ಹಾಕಬೇಕು ಅನ್ನೋದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಿಮ್ಮ ಮಕ್ಕಳಿಗೆ ಗೊತ್ತಿರುತ್ತದೆ, ಕೇಳಿ. ಒಂದು ಪತ್ರ ಮಾತ್ರ ಸ್ವಲ್ಪ ವಿವರವಾಗಿದೆ, ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಪ್ರಶ್ನೆ: ನನಗೆ 49. ಬಿ.ಎಸ್ಸಿ ಆಗಿದೆ. ಪೀಣ್ಯದ ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿ 24 ವರ್ಷದಿಂದ ಇದ್ದೇನೆ. ಬೆಳಿಗ್ಗೆ ಎದ್ದರೆ ಹೋಗೋಕೆ ಮನಸ್ಸೇ ಬರುವುದಿಲ್ಲ. ಮಕ್ಕಳಿಗೆ ಗಣಿತ ಹೇಳಿಕೊಡುವುದು ನನಗೆ ತುಂಬಾ ಇಷ್ಟ. ರಾಜೀನಾಮೆ ಕೊಟ್ಟು ಬಿ.ಎಡ್ ಮಾಡಿ ಮೇಷ್ಟ್ರಾಗೋಣ ಅಂತಿದ್ದೇನೆ. ಮಗಳು ಮೊದಲ ಪಿಯುಸಿ. ಹೆಂಡತಿ ‘ನಿಮಗೆ ಹುಚ್ಚು’ ಅನ್ನುತ್ತಾಳೆ. ಧೈರ್ಯ ಮಾಡಲಾ? (ರಾಜಾಜಿನಗರದ ಓದುಗರು)

ಉತ್ತರ: ಹುಚ್ಚೇನೂ ಇಲ್ಲ. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪಾಠ ಹೇಳುವುದು ಇಷ್ಟ ಅಂತ ಬರೆದಿದ್ದೀರಿ, ಪಾಠ ಹೇಳಿದ ಒಂದು ದಿನದ ವಿಷಯವೂ ಅದರಲ್ಲಿಲ್ಲ. ಯಾರ ಮಕ್ಕಳಿಗೆ, ಎಲ್ಲಿ, ಎಷ್ಟು ತಿಂಗಳು? ಸ್ವಂತ ಮಗಳಿಗೆ ಹೇಳಿಕೊಟ್ಟಿದ್ದು ಲೆಕ್ಕಕ್ಕಿಲ್ಲ. ಅವಳು ಪಾಪ ಎದ್ದು ಹೋಗೋ ಹಾಗಿಲ್ಲ.

ಮೊದಲು ಇದನ್ನು ಹೇಳಿ, ನಿಮಗೆ ಸಾಕಾಗಿರುವುದು ಪರ್ಚೇಸ್ ಕೆಲಸವಾ, ಆ ಕಾರ್ಖಾನೆಯಾ, ಬಾಸಾ, ಇಲ್ಲಾ ದಿನಾ ತುಮಕೂರು ರಸ್ತೆಯ ಟ್ರಾಫಿಕ್ಕಾ? ಇದನ್ನು ಕೇಳಿಕೊಳ್ಳದೆ ಕೆಲಸ ಬಿಟ್ಟವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಬಾಸ್ ಮೇಲಿನ ಸಿಟ್ಟನ್ನು ‘ಪ್ಯಾಶನ್’ ಅಂದುಕೊಂಡು ಹೊರಟವರು ಅವರು. ಬಾಸ್ ಬದಲಾಗಿದ್ದರೆ ಅವರಲ್ಲಿ ಅರ್ಧಕ್ಕರ್ಧ ಜನ ಅದೇ ಕುರ್ಚಿಯಲ್ಲಿ ನೆಮ್ಮದಿಯಾಗಿ ಇರುತ್ತಿದ್ದರು.

ಟ್ರಾಫಿಕ್ಕೂ ಅಲ್ಲ, ಬಾಸೂ ಅಲ್ಲ, ಕೆಲಸವೇ ಸಾಕಾಗಿದೆ ಅಂದರೆ ಹೀಗೆ ಮಾಡಿ. ರಾಜೀನಾಮೆ ಬೇಡ. ನಿಮ್ಮ ಮನೆಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಹೋಗಿ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ. ಶನಿವಾರ ಒಂಬತ್ತನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ, ದುಡ್ಡು ಬೇಡ ಅನ್ನಿ. ಅವರು ಒಪ್ಪದಿದ್ದರೆ ಸಂಜೆ ಮಕ್ಕಳಿಗೆ ಪಾಠ ನಡೆಸುವ ಯಾವುದಾದರೂ ಸಂಸ್ಥೆ ನಿಮ್ಮ ಕಡೆಯೂ ಇರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಗಣಿತ ಹೋದ ಮಕ್ಕಳಂತೂ ಪ್ರತಿ ಏರಿಯಾದಲ್ಲೂ ಇದ್ದಾರೆ. ಪರೀಕ್ಷೆ-2ಕ್ಕೆ ಉಳಿದಿರುವ ಆ ಕೆಲವು ವಾರಗಳಲ್ಲಿ ಅವರಿಗೆ ಒಬ್ಬ ಮೇಷ್ಟ್ರು ಸಿಕ್ಕರೆ ಸಾಕು. ಆರು ತಿಂಗಳು, ಒಂದು ಶನಿವಾರವೂ ತಪ್ಪಿಸದೆ ಹೋಗಿ.

ನಿಮ್ಮ ಹಾಗೇ ಬಂದ ಒಬ್ಬರನ್ನು ಹೀಗೆ ಕಳಿಸಿದ್ದೆ, ಮೊದಲ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ತ್ರಿಭುಜದ ಪ್ರಮೇಯ. ಅವರು ಹಿಂದಿನ ರಾತ್ರಿ ಎರಡು ಗಂಟೆ ತಯಾರಿ ಮಾಡಿಕೊಂಡು, ಬಣ್ಣದ ಚಾಕ್‌ಪೀಸ್ ತಾವೇ ತಂದಿದ್ದರು. ಹತ್ತು ನಿಮಿಷಕ್ಕೆ ಕಿಟಕಿ ಸಾಲಿನ ಮಕ್ಕಳು ಪೆನ್ನಿನ ರೀಫಿಲ್ ಊದೋಕೆ ಶುರು ಮಾಡಿದರು. ಇಪ್ಪತ್ತನೇ ನಿಮಿಷಕ್ಕೆ ಇವರ ಗಂಟಲು ಕಟ್ಟಿತು. ಅರ್ಧ ಬೋರ್ಡು ಬರೆದು ತಿರುಗಿದರೆ, ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿ, ‘ಸಾರ್, ಮೈನಸ್ಸಿಗೆ ಮೈನಸ್ ಸೇರಿದ್ರೆ ಪ್ಲಸ್ ಯಾಕಾಗತ್ತೆ?’ ಅಂತ ಕೇಳಿದಳು. ಪ್ರಮೇಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸೇರಿಸಿದರೆ ಪ್ಲಸ್ ಆಗುವುದೂ ಇಲ್ಲ, ಗುಣಿಸಿದರೆ ಮಾತ್ರ. ಅವಳಿಗೆ ಏಳನೇ ಕ್ಲಾಸಿನಲ್ಲೇ ಎಲ್ಲೋ ಕೊಂಡಿ ಕಳಚಿತ್ತು. ಇವರು ಒಂದು ನಿಮಿಷ ಸುಮ್ನೆ ನಿಂತರು. ಆಮೇಲೆ ಪ್ರಮೇಯ ಒರೆಸಿ, ಸಾಲದ ಲೆಕ್ಕ ಹಾಕಿ, ಮೈನಸ್ ಏನು ಅಂತ ಮೊದಲಿಂದ ಶುರು ಮಾಡಿದರು. ಹೊರಗೆ ಬಂದ ಮೇಲೆ ಕಾಫಿ ಕುಡಿಯುತ್ತಾ ಇಡೀ ಅರ್ಧ ಗಂಟೆ ಆ ಹುಡುಗಿಯ ವಿಷಯವನ್ನೇ ಮಾತಾಡಿದರು. ರೀಫಿಲ್ ಊದಿದವರ ಸುದ್ದಿಯೇ ಇಲ್ಲ. ಅವತ್ತೇ ನನಗೆ ಗೊತ್ತಾಯಿತು, ಈ ಮನುಷ್ಯ ಈ ಕೆಲಸದಲ್ಲಿ ನಿಲ್ಲುತ್ತಾರೆ ಅಂತ.

ಇನ್ನೊಬ್ಬರು ಬ್ಯಾಂಕಿನವರು. ದರ್ಶಿನಿ ಹಾಕುತ್ತೇನೆ ಅಂತ ಕೂತಿದ್ದರು. ಪರಿಚಯದ ಒಂದು ದರ್ಶಿನಿಗೆ ಬೆಳಿಗ್ಗೆ ನಾಲ್ಕೂವರೆಗೆ ಹತ್ತು ದಿನ ಹೋಗಿ ಬನ್ನಿ ಅಂದೆ. ಮೂರನೇ ದಿನ ಅಡುಗೆಯವನು ಹೇಳದೆ ಕೇಳದೆ ಊರಿಗೆ ಹೋದ. ದೋಸೆ ಹಿಟ್ಟು ಹುಳಿ ಬಂದು ಉಕ್ಕಿತ್ತು, ಗ್ಯಾಸ್ ಸಿಲಿಂಡರ್ ಖಾಲಿ, ಎದುರಿಗೆ ಟೋಕನ್ ಹಿಡಿದ ಇಪ್ಪತ್ತು ಜನ. ಐದನೇ ದಿನ ಫೋನ್ ಮಾಡಿ, ‘ಸಾರ್, ನನಗೆ ಇಷ್ಟ ಇರೋದು ದೋಸೆ ತಿನ್ನೋದು ಅಂತ ಕಾಣತ್ತೆ’ ಅಂದರು. ಅವರ ಮನೆಯವರು ನನಗೆ ಇವತ್ತಿಗೂ ದೀಪಾವಳಿಗೆ ಸಿಹಿ ಕಳಿಸುತ್ತಾರೆ.

ಇಷ್ಟು ಜಾಗ್ರತೆ ಯಾಕೆ ಅಂದರೆ, ನಾನೇ ಸುಟ್ಟುಕೊಂಡವನು. 46ಕ್ಕೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡು ಕಂಪ್ಯೂಟರ್ ತರಬೇತಿ ಕೇಂದ್ರದ ಫ್ರಾಂಚೈಸಿ ಹಾಕಿದ್ದೆ. ಹದಿನೆಂಟು ಕುರ್ಚಿ, ಹತ್ತು ಕಂಪ್ಯೂಟರ್, ಒಂದು ಎಸಿ. ಎರಡನೇ ವರ್ಷ ಕುರ್ಚಿಯಲ್ಲಿ ಕೂರೋಕೆ ನಾಲ್ಕು ಜನ ಇದ್ದರು, ಕರೆಂಟ್ ಬಿಲ್ಲು ಮಾತ್ರ ಹದಿನೆಂಟು ಜನಕ್ಕೆ ಬರುತ್ತಿತ್ತು. ಕಲಿಸುವುದು ನನಗೆ ಇಷ್ಟವಿತ್ತು ನಿಜ. ಆದರೆ ಆ ಕೇಂದ್ರದಲ್ಲಿ ನನ್ನ ಕೆಲಸ ಕಲಿಸುವುದಾಗಿರಲಿಲ್ಲ. ಪಾಂಪ್ಲೆಟ್ ಹಂಚೋದು, ಫೀಸಿಗೆ ಫೋನ್ ಮಾಡೋದು, ಕಟ್ಟಡದ ಮಾಲೀಕರ ಹತ್ತಿರ ಬಾಡಿಗೆಗೆ ಟೈಮ್ ಕೇಳೋದು, ಇಷ್ಟೇ. ಒಂದು ತಿಂಗಳು ಬೇರೆಯವರ ಕೇಂದ್ರದಲ್ಲಿ ಸುಮ್ನೆ ಕೂತು ನೋಡಿದ್ದರೆ ಇದು ಮೊದಲೇ ತಿಳಿಯುತ್ತಿತ್ತು.

ಬಿ.ಎಡ್ ವಿಷಯಕ್ಕೆ ಬರೋಣ. ಈಗ ಅದು ಎರಡು ವರ್ಷ. ದಿನಾ ಕಾಲೇಜಿಗೆ ಹೋಗಬೇಕು, ನಡುವೆ ವಾರಗಟ್ಟಲೆ ಶಾಲೆಯಲ್ಲಿ ಪಾಠ ಮಾಡಬೇಕು. ಕೆಲಸದಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಮಾಡುತ್ತೇನೆ ಅನ್ನಬೇಡಿ. ಇಗ್ನೋದ ಬಿ.ಎಡ್ ಇರುವುದು ಈಗಾಗಲೇ ಮೇಷ್ಟ್ರಾಗಿರುವವರಿಗೆ, ಶಿಕ್ಷಕರ ತರಬೇತಿ ಮುಗಿಸಿದವರಿಗೆ. ‘ಹಾಜರಾತಿ ಬೇಡ, ಹೊರ ರಾಜ್ಯದ ಕಾಲೇಜು, ಸರ್ಟಿಫಿಕೇಟ್ ಮನೆಗೇ ಬರುತ್ತೆ’ ಅನ್ನುವ ಏಜೆಂಟ್ ನಿಮಗೂ ಸಿಕ್ಕೇ ಸಿಗುತ್ತಾನೆ. ಅವನಿಗೆ ಟೀ ಕೂಡ ಕೊಡಿಸಬೇಡಿ. ಇನ್ನು ಕೋರ್ಸು ಮುಗಿಯುವಾಗ ನಿಮಗೆ 51, 52. ಆ ವಯಸ್ಸಿಗೆ ಸರ್ಕಾರಿ ನೇಮಕಾತಿ ಮರೆತುಬಿಡಿ. ಉಳಿಯುವುದು ಖಾಸಗಿ ಶಾಲೆ, ಸಂಬಳ ನಿಮ್ಮ ಈಗಿನದರ ಮುಂದೆ ಚಿಲ್ಲರೆ ಅನ್ನಿಸಬಹುದು.

ಆದ್ದರಿಂದ ಲೆಕ್ಕ ಹಾಕಿ. 24 ವರ್ಷಕ್ಕೆ ಗ್ರಾಚ್ಯುಟಿ ಅಂದರೆ ಕೊನೆಯ ತಿಂಗಳ ಮೂಲವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 24ರಿಂದ ಗುಣಿಸಿ. ಅದು ಒಳ್ಳೆಯ ಮೊತ್ತವೇ. ಆದರೆ ಪಿಎಫ್ ಪಿಂಚಣಿಯನ್ನು ನಂಬಿಕೊಂಡು ಕೂರಬೇಡಿ. ಪೂರ್ತಿ ಪಿಂಚಣಿ 58ಕ್ಕೆ. 50ರಿಂದಲೇ ತೆಗೆದುಕೊಳ್ಳಬಹುದು, ಆದರೆ ಮೊದಲೇ ತೆಗೆದುಕೊಂಡ ಪ್ರತಿ ವರ್ಷಕ್ಕೆ 4 ಪರ್ಸೆಂಟ್ ಕಡಿತ, ಅದೂ ಜೀವನ ಪೂರ್ತಿ. ಪಿಂಚಣಿಗೆ ಲೆಕ್ಕಕ್ಕೆ ಹಿಡಿಯುವ 15,000 ರೂಪಾಯಿ ವೇತನ ಮಿತಿಯಲ್ಲಿ ನೋಡಿದರೆ ನಿಮ್ಮ 24 ವರ್ಷಕ್ಕೆ 58ರಲ್ಲೂ ತಿಂಗಳಿಗೆ ಐದು ಸಾವಿರ ಬಂದರೆ ಪುಣ್ಯ. ಎಲ್ಲರೂ ಒಂದು ವರ್ಷದ ಮನೆ ಖರ್ಚು ಪಕ್ಕಕ್ಕಿಡಿ ಅನ್ನುತ್ತಾರೆ. ನಾನು ಎರಡು ವರ್ಷದ್ದು ಅನ್ನುತ್ತೇನೆ, ಮಗಳ ಕಾಲೇಜಿನ ದುಡ್ಡು ಬೇರೆ. ಜಾಸ್ತಿ ಹೆದರಿಸುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ.

ಇನ್ನೊಂದು, ಯಾರೂ ಕೇಳದ್ದು. ಕೆಲಸ ಬಿಟ್ಟ ದಿನ ಕಂಪನಿಯ ಆರೋಗ್ಯ ವಿಮೆಯೂ ಹೋಗುತ್ತದೆ. 49ಕ್ಕೆ ಸಕ್ಕರೆಯೋ ಬಿಪಿಯೋ ಏನಾದರೂ ಒಂದು ಇದ್ದೇ ಇರುತ್ತದೆ, ಅಲ್ವಾ? ಮೊದಲೇ ಇರುವ ಕಾಯಿಲೆಗೆ ಹೊಸ ಪಾಲಿಸಿ ಮೂರು ವರ್ಷದವರೆಗೆ ಕಾಯಿಸಬಹುದು. ಹಾಗಾಗಿ ರಾಜೀನಾಮೆ ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ಸ್ವಂತ ಪಾಲಿಸಿಯನ್ನು ಈ ತಿಂಗಳೇ ಮಾಡಿಸಿ.

ಕೊನೆಗೆ ನನ್ನ ತಕರಾರು. 24 ವರ್ಷದ ಪರ್ಚೇಸ್ ಅನುಭವವನ್ನು ಹಳೇ ಪೇಪರಿನ ಥರ ಯಾಕೆ ಎಸೆಯುತ್ತಿದ್ದೀರಿ? ಕೊಟೇಶನ್ ನೋಡಿದ ತಕ್ಷಣ ಎಲ್ಲಿ ರೇಟು ಏರಿಸಿದ್ದಾನೆ ಅಂತ ಹೇಳಬಲ್ಲಿರಿ. ಡಿಪ್ಲೊಮಾ, ಐಟಿಐ ಹುಡುಗರಿಗೆ ಅದನ್ನು ಕಲಿಸೋಕೆ ಜನ ಬೇಕು. ಪೀಣ್ಯದಲ್ಲೇ ಹತ್ತು ಹದಿನೈದು ಜನ ಇಟ್ಟುಕೊಂಡ ಸಣ್ಣ ಶೆಡ್ಡುಗಳಿವೆ, ಅವರಿಗೆ ಪೂರ್ತಿ ಸಂಬಳದ ಪರ್ಚೇಸ್ ಮ್ಯಾನೇಜರ್ ಇಡೋಕೆ ಆಗುವುದಿಲ್ಲ. ವಾರಕ್ಕೆ ಎರಡು ದಿನ ನೀವು ಹೋದರೆ ಅವರಿಗೂ ಅನುಕೂಲ. ಎರಡು ದಿನ ಶೆಡ್ಡು, ನಾಲ್ಕು ದಿನ ಗಣಿತ ಅಂತ ಮಾಡಿಕೊಂಡರೆ ಹೆಂಡತಿ ಹುಚ್ಚು ಅನ್ನುವುದೂ ಸ್ವಲ್ಪ ಕಮ್ಮಿಯಾಗಬಹುದು. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಇಂಥ ಸೇವೆಗೆ ಜಿಎಸ್‌ಟಿ ನೋಂದಣಿಯೂ ಬೇಡ. ಸಣ್ಣ ಉದ್ಯಮಗಳಿಗೆ ಇರುವ ‘ಉದ್ಯಮ್’ ನೋಂದಣಿ ಬೇಕು ಅನ್ನಿಸಿದರೆ ಸರ್ಕಾರದ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ಎರಡು ಸಾವಿರ ಕೊಡಿ, ಮಾಡಿಸಿಕೊಡ್ತೀನಿ ಅನ್ನುವವರಿಗೆ ಕೈ ಮುಗಿದು ಬನ್ನಿ.

ಉಳಿದವು ಬೇಗ ಬೇಗ.

ಪ್ರಶ್ನೆ: ಬೆರಳಚ್ಚು ಪರೀಕ್ಷೆ ಮಾಡಿ ನನಗೆ ಯಾವ ಕೆಲಸ ಹೊಂದುತ್ತದೆ ಅಂತ ಹೇಳುತ್ತಾರಂತೆ, ಮಾಡಿಸಲಾ? (ವಯಸ್ಸು 52, ಜಯನಗರ)

ಉತ್ತರ: ಡಿಎಂಐಟಿ ಅಂತ ಅದಕ್ಕೊಂದು ಹೆಸರು. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ ಹೇಳಿಯಾಗಿದೆ. ಮಕ್ಕಳ ಹೆಸರಲ್ಲಿ ಅಪ್ಪ ಅಮ್ಮಂದಿರ ದುಡ್ಡು ತಿಂದಿದ್ದು ಸಾಲದೆ ಈಗ ಐವತ್ತರವರ ಹಿಂದೆ ಬಿದ್ದಿದ್ದಾರೆ. ಬೆರಳಚ್ಚು ಆಧಾರ್‌ಗೆ ಸಾಕು.

ಪ್ರಶ್ನೆ: ಕೆಎಫ್‌ಸಿ ತಾತ 65ರಲ್ಲಿ ಬರಿಗೈಯಲ್ಲಿ ಶುರು ಮಾಡಿ ಗೆದ್ದರಲ್ಲ, ನಾವು ಯಾಕೆ ಹೆದರಬೇಕು?

ಉತ್ತರ: ಈ ಕಥೆ ವಾಟ್ಸಾಪಿನಲ್ಲಿ ವಾರಕ್ಕೊಂದು ಸಲ ನನಗೂ ಬರುತ್ತದೆ. ಹಾರ್ಲಂಡ್ ಸ್ಯಾಂಡರ್ಸ್ ಹುಟ್ಟಿದ್ದು 1890ರಲ್ಲಿ. ಕೆಂಟಕಿಯ ಕಾರ್ಬಿನ್ ಅನ್ನುವ ಊರಿನ ರಸ್ತೆ ಬದಿ 1930ರಿಂದ ಅಡುಗೆ ಮಾಡಿ ಬಡಿಸುತ್ತಿದ್ದವರು. ಮೊದಲ ಫ್ರಾಂಚೈಸಿ ಕೊಟ್ಟಿದ್ದು 1952ರಲ್ಲಿ. ನಡುವಿನ 22 ವರ್ಷವನ್ನು ಫಾರ್ವರ್ಡ್ ಮಾಡುವವರು ನುಂಗಿಬಿಡುತ್ತಾರೆ. ನಮ್ಮ ಮಾಸ್ತಿಯವರೂ 1943ರಲ್ಲಿ, ಐವತ್ತು ದಾಟಿದ ಮೇಲೆ, ಸರ್ಕಾರಿ ಹುದ್ದೆ ಬಿಟ್ಟು ಬರಹಕ್ಕೆ ಕೂತರು ಅಂತ ಹೇಳುತ್ತಾರೆ. ಬಿಡುವ ಹೊತ್ತಿಗೆ ಬರೆಯೋಕೆ ಶುರು ಮಾಡಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಗಿತ್ತು. ನೀವು ಎಷ್ಟು ವರ್ಷದಿಂದ ಏನು ಮಾಡುತ್ತಿದ್ದೀರಿ ಅಂತ ಪತ್ರದಲ್ಲಿ ಬರೆದೇ ಇಲ್ಲ.

ಪ್ರಶ್ನೆ: 51ಕ್ಕೆ ಎಲ್‌ಎಲ್‌ಬಿ ಓದಬಹುದಾ?

ಉತ್ತರ: ಡಿಗ್ರಿಯಲ್ಲಿ 45 ಪರ್ಸೆಂಟ್ ಇದ್ದರೆ ಓದಬಹುದು, ಮೂರು ವರ್ಷ. ಹಾಜರಾತಿ ಬೇಕು, ಅಂಚೆಯಲ್ಲಿ ಬರುವ ಎಲ್‌ಎಲ್‌ಬಿಗೆ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಸಿಗುವುದಿಲ್ಲ. ಸನ್ನದಿನ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ ದಾಟುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಪ್ರಾಕ್ಟೀಸ್ ಮಾಡುತ್ತಾ ಇನ್ನೊಂದು ಕಡೆ ಪೂರ್ಣಾವಧಿ ಸಂಬಳ ತೆಗೆದುಕೊಳ್ಳುವಂತಿಲ್ಲ. ಮಗನ ವಯಸ್ಸಿನ ಸೀನಿಯರ್ ಹಿಂದೆ ಫೈಲು ಹಿಡಿದು ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತೋಕೆ ಬೇಜಾರಿಲ್ಲದಿದ್ದರೆ ಸೇರಿ.

ಪ್ರಶ್ನೆ: ಮನೆಯಲ್ಲೇ ಡೇಟಾ ಎಂಟ್ರಿ, ಮೊದಲು 4,500 ಡಿಪಾಸಿಟ್ ಕಟ್ಟಬೇಕಂತೆ.

ಉತ್ತರ: ಕಟ್ಟಬೇಡಿ. ಆಗಲೇ ಕಟ್ಟಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇದನ್ನು ಆಮೇಲೆ ಓದಿ.

ಪ್ರಶ್ನೆ: ಕನಕಪುರ ರಸ್ತೆಯಲ್ಲಿ ಎರಡು ಎಕರೆ ತೆಗೆದುಕೊಂಡು ಕೃಷಿಗೆ ಇಳಿಯೋಣ ಅಂತ. ನಾವು ರೈತರಲ್ಲ, ಆಗುತ್ತಾ?

ಉತ್ತರ: 2020ರ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದು. ಕೊಳ್ಳುವ ಮುಂಚೆ ಒಂದು ಬೇಸಿಗೆ ಪೂರ್ತಿ ಆ ಊರಲ್ಲಿ ಬಾಡಿಗೆಗೆ ಇದ್ದು, ಪಕ್ಕದ ಜಮೀನಿನವರ ಬೋರ್‌ವೆಲ್ ಏಪ್ರಿಲ್‌ನಲ್ಲಿ ಎಷ್ಟು ಹೊತ್ತು ನೀರು ಕೊಡುತ್ತದೆ ಅಂತ ನೋಡಿಕೊಂಡು ಬಂದು ನನಗೆ ಬರೆಯಿರಿ.