ಕರಾಬಾಖ್‌ನಲ್ಲಿ ಗೆದ್ದ ಟಿಬಿ2 ಉಕ್ರೇನ್‌ನಲ್ಲಿ ಯಾಕೆ ಹಿಂದೆ ಸರಿಯಿತು?

2020ರ ನಾಗೋರ್ನೊ-ಕರಾಬಾಖ್ ಯುದ್ಧದಲ್ಲಿ ಅಜೆರ್‌ಬೈಜಾನ್ ಪರವಾಗಿ ಅರ್ಮೇನಿಯಾದ ಟ್ಯಾಂಕು, ಫಿರಂಗಿಗಳನ್ನು ಸುಟ್ಟುಹಾಕಿದ ಟರ್ಕಿಯ ಡ್ರೋನ್ ಬೈರಕ್ತಾರ್ ಟಿಬಿ2, ಉಕ್ರೇನ್‌ನಲ್ಲಿ ಕೆಲವೇ ತಿಂಗಳಲ್ಲಿ ಸುದ್ದಿಯಿಂದ ಮಾಯವಾದದ್ದು ಏಕೆ ಎಂದು ಕೇಳಿದ್ದೀರಿ. ಡ್ರೋನ್ ಅದೇ, ಆದರೆ ಕೆಳಗಿದ್ದ ವಾಯುರಕ್ಷಣೆ ಬೇರೆ.

ಟಿಬಿ2 ರೆಕ್ಕೆಯ ಅಗಲ 12 ಮೀಟರ್, ಸಾಮಾನ್ಯ ವೇಗ ಗಂಟೆಗೆ ಸುಮಾರು 130 ಕಿ.ಮೀ. ಒಳ್ಳೆಯ ರೇಡಾರಿನ ಕಣ್ಣಿಗೆ ಬಿದ್ದರೆ ತಪ್ಪಿಸಿಕೊಳ್ಳುವುದು ಕಷ್ಟ. ಅದನ್ನು ಕಾಯುವುದು ಎತ್ತರ, ಸುಮಾರು 5.5 ಕಿ.ಮೀ. ಅರ್ಮೇನಿಯಾ ಕಡೆಯ ಹಳೆಯ ಓಸಾ ಕ್ಷಿಪಣಿ ಏರುತ್ತಿದ್ದದ್ದು 5 ಕಿ.ಮೀ. ತನಕ, ಸ್ಟ್ರೆಲಾ-10 ಇನ್ನೂ ಕಡಿಮೆ, 3.5ರ ಆಸುಪಾಸು. ಮೇಲಾಗಿ ಅಜೆರ್‌ಬೈಜಾನ್ ಹಳೆಯ ಆನ್-2 ವಿಮಾನಗಳನ್ನು ಪೈಲಟ್ ಇಲ್ಲದೆ ಮುಂದೆ ಬಿಟ್ಟಿತು. ಅವುಗಳತ್ತ ಕ್ಷಿಪಣಿ ಹಾರಿಸಿದವರ ಜಾಗ ಅಲ್ಲಿಗೇ ಬಯಲಾಯಿತು. ನನ್ನ ಪ್ರಕಾರ ಆ ಯುದ್ಧದ ನಿಜವಾದ ಜಾಣ್ಮೆ ಇರುವುದು ಇಲ್ಲೇ.

ಉಕ್ರೇನ್‌ನಲ್ಲೂ 2022ರ ಮೊದಲ ವಾರಗಳಲ್ಲಿ ಟಿಬಿ2 ಚೆನ್ನಾಗಿಯೇ ಹೊಡೆಯಿತು, ಏಕೆಂದರೆ ರಷ್ಯಾದ ಪಡೆಗಳು ಉದ್ದುದ್ದ ಸಾಲಿನಲ್ಲಿ ಸಾಗುತ್ತಿದ್ದವು, ವಾಯುರಕ್ಷಣೆ ಇನ್ನೂ ಒಂದಕ್ಕೊಂದು ಹೆಣೆದುಕೊಂಡಿರಲಿಲ್ಲ. ರಷ್ಯಾದ ಬುಕ್, ಟೋರ್ ವಾಯುರಕ್ಷಣಾ ಕ್ಷಿಪಣಿಗಳು ನೆಲೆಯೂರಿ, ರೇಡಿಯೋ ಸಂಕೇತ ಕೆಡಿಸುವ ಜಾಮಿಂಗ್ ಬಿಗಿಯಾದ ಮೇಲೆ ಅದು ಹೆಚ್ಚಾಗಿ ದೂರದಿಂದ ಕಣ್ಗಾವಲಿಗೆ ಸರಿಯಿತು.

ಮುಂಚೂಣಿಯ ದಾಳಿ ಈಗ ಅಗ್ಗದ ಎಫ್‌ಪಿವಿ ಡ್ರೋನ್‌ಗಳ, ಅಂದರೆ ಅವುಗಳದ್ದೇ ಕ್ಯಾಮೆರಾ ದೃಶ್ಯ ನೋಡುತ್ತ ಓಡಿಸುವ ಸಣ್ಣ ಡ್ರೋನ್‌ಗಳ ಪಾಲು. ಜಾಮರ್ ಅವುಗಳ ರೇಡಿಯೋ ಸಂಪರ್ಕ ಕಡಿಯುತ್ತದೆ. 2024ರಿಂದ ಹೆಚ್ಚಾದ, ರೇಡಿಯೋ ಬದಲು ತೆಳ್ಳನೆಯ ಎಳೆಯ ಮೂಲಕ ನಿಯಂತ್ರಿಸುವ ಆಪ್ಟಿಕಲ್ ಫೈಬರ್ ಡ್ರೋನ್‌ಗಳಿಗೆ ಆ ಕಾಟವಿಲ್ಲ, ಆದರೆ ಕಿಲೋಮೀಟರ್‌ಗಟ್ಟಲೆ ಎಳೆಯ ಸುರುಳಿ ಸಿಡಿತಲೆಯ ಪಾಲಿನ ಭಾರವನ್ನು ತಿನ್ನುತ್ತದೆ, ಮರಕ್ಕೆ ಸಿಕ್ಕಿ ತುಂಡಾದರೆ ನಿಯಂತ್ರಣವೇ ಹೋಗುತ್ತದೆ.