ಪ್ರತಿಕ್ರಿಯೆ: ಅಂಗವೈಕಲ್ಯ ಶೇ. 40 ಇಲ್ಲದಿದ್ದರೂ ಸ್ಕ್ರೈಬ್ (ಪರೀಕ್ಷೆಯಲ್ಲಿ ನಾವು ಹೇಳಿದ್ದನ್ನು ಬರೆದುಕೊಡುವವರು) ಸಿಗುತ್ತದೆ, ಆದರೆ ಅವರಿಗೆ ಕನ್ನಡ ಗೊತ್ತಿರಬೇಕು

ನಿಮ್ಮ ತಮ್ಮನಿಗೆ ಕೈನಡುಕ, ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಇರುವುದು ಶೇ. 30 ಮಾತ್ರ, ಕಾಲೇಜಿನವರು "40 ಇಲ್ಲದೆ ಸ್ಕ್ರೈಬ್ ಕೊಡಲಿಕ್ಕಾಗದು" ಅಂದರು ಅಂತ ಬರೆದಿದ್ದೀರಿ. ಅದು ಹಳೇ ಮಾತು ಮಾರಾಯ್ರೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ 40ರ ಗೆರೆಯನ್ನೇ ಒಪ್ಪಲಿಲ್ಲ. ವಿಕಾಸ್ ಅವರದ್ದೂ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯೇ. ಅದರ ಮೇಲೆ 2022ರ ಆಗಸ್ಟಿನಲ್ಲಿ ಕೇಂದ್ರ ಸರಕಾರ 40ಕ್ಕಿಂತ ಕಡಿಮೆ ಇರುವವರಿಗೆಂದೇ ಮಾರ್ಗಸೂಚಿ ತಂದಿತು. ಬರೆಯಲು ಕಷ್ಟ ಉಂಟು ಎಂದು ಸರಕಾರಿ ಆಸ್ಪತ್ರೆಯಿಂದ ಪ್ರಮಾಣಪತ್ರ ಮಾಡಿಸಿ. ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಜಾಸ್ತಿ ಸಿಗುತ್ತದೆ.

ನಮ್ಮ ಕಾಸರಗೋಡಿನಲ್ಲಿ ಅಸಲು ತಲೆನೋವು ಬೇರೆಯೇ. ನನಗೆ ಮೊದಲ ಸೆಮಿಸ್ಟರಿನಲ್ಲಿ ಕಾಲೇಜಿನವರು ಸ್ಕ್ರೈಬ್ ಆಗಿ ಕೊಟ್ಟ ಹುಡುಗಿ ಮಲಯಾಳಂ ಮೀಡಿಯಂನವಳು. ಪಾಪ, ಒಳ್ಳೆಯವಳೇ. ಕನ್ನಡ ಮಾತು ಅರ್ಥ ಆಗುತ್ತಿತ್ತು, ಒತ್ತಕ್ಷರ ಬಾರದು. "ರಾಷ್ಟ್ರ" ಅಂದರೆ ಪೆನ್ನು ನಿಲ್ಲುತ್ತಿತ್ತು. ಷಕ್ಕೆ ಟ ಒತ್ತು, ಅದಕ್ಕೆ ರ ಒತ್ತು ಅಂತ ಹೇಳಿಕೊಡುವುದರಲ್ಲೇ ಸಿಕ್ಕಿದ ಹೆಚ್ಚುವರಿ ಗಂಟೆ ಮುಗಿಯಿತು. ಕೊನೆಯ ಪ್ರಬಂಧ ಅರ್ಧಕ್ಕೇ ನಿಂತಿತು.

ಹಾಗಾಗಿ ಅರ್ಜಿಯಲ್ಲೇ "ಕನ್ನಡ ಮಾಧ್ಯಮದಲ್ಲಿ ಓದಿದ ಸ್ಕ್ರೈಬ್" ಎಂದು ಬರೆಯಿರಿ. ಸ್ಕ್ರೈಬ್ ತಮ್ಮನಿಗಿಂತ ಕೆಳಗಿನ ತರಗತಿಯವರಾಗಿರಬೇಕು, ಕನ್ನಡದ ಪ್ಲಸ್ ಟು ಮಕ್ಕಳನ್ನು ಈಗಲೇ ಕೇಳಿಡಿ. ಬಾಯಿಮಾತು ಬೇಡ, ಅರ್ಜಿಯ ಪ್ರತಿಗೆ ಆಫೀಸಿನ ಸೀಲು ಹಾಕಿಸಿಕೊಳ್ಳಿ. ಪರೀಕ್ಷೆಗೆ ಮುಂಚೆ ಇಬ್ಬರೂ ಕೂತು ಒಂದು ಹಳೇ ಪೇಪರು ಬರೆದು ನೋಡಲಿ.