ಮೂರನೆಯ ತರಬೇತಿಗೆ ಶಿಫಾರಸು ಪತ್ರ ಏಕೆ ಕೊಡಲಿಲ್ಲ

ಕೆಲಸ ಕಳೆದುಕೊಂಡು ಸಲಹೆಗೆ ಬರುವವರಲ್ಲಿ ಹಲವರ ಕೈಯಲ್ಲಿ ಯಾವುದಾದರೊಂದು ತರಬೇತಿಯ ಅರ್ಜಿ ಇರುತ್ತದೆ. ಅದನ್ನು ತುಂಬಿಸಿ, ಶಿಫಾರಸು ಬರೆದು ಕಳುಹಿಸಿದರೆ ಬಂದವರಿಗೂ ಸಮಾಧಾನ, ನಮ್ಮ ಕಡತವೂ ಪೂರ್ಣ. ಚಿಕ್ಕಮಗಳೂರು ಜಿಲ್ಲೆಯ ಒಬ್ಬ ಮಹಿಳೆಗೆ ಆ ಪತ್ರವನ್ನು ನಾನು ಕೊಡಲಿಲ್ಲ. ನಾನು ತರಬೇತಿಗೇ ವಿರೋಧಿ ಎಂದು ನನ್ನ ಸಹೋದ್ಯೋಗಿಗಳಲ್ಲಿಯೇ ಆಕ್ಷೇಪ ಬಂದಿತು. ಇಂಥ ಪ್ರಕರಣಗಳು ಮತ್ತೆ ಮತ್ತೆ ಬರುತ್ತಿರುವುದರಿಂದ ನನ್ನ ಕಾರಣಗಳನ್ನು ವಿವರವಾಗಿ ಬರೆಯುತ್ತಿದ್ದೇನೆ. ಆ ಮಹಿಳೆಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ 43 ವರ್ಷ. ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, 17 ಹಂಗಾಮು ಬೀಜ ಆರಿಸುವ ಕೆಲಸ ಮಾಡಿದ್ದರು. ಮೊದಲ ವರ್ಷಗಳಲ್ಲಿ ಮೇಸ್ತ್ರಿಯ ಕೈಕೆಳಗೆ ದುಡಿದಿದ್ದರಿಂದ ಹಾಜರಿ ಪುಸ್ತಕದಲ್ಲಿ ಹೆಸರಿದ್ದದ್ದು ಕೊನೆಯ 8 ಹಂಗಾಮುಗಳಲ್ಲಿ ಮಾತ್ರ. ಬಣ್ಣ ನೋಡಿ ಬೀಜ ವಿಂಗಡಿಸುವ ಯಂತ್ರ ಬಂದ ಮೇಲೆ ಸಾಲಿನಲ್ಲಿ ಕುಳಿತು ಆರಿಸುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರನ್ನು ಮುಂದಿನ ಹಂಗಾಮಿಗೆ ಕರೆಯಲಿಲ್ಲ. ಗಂಡ ಪಿಕಪ್ ವಾಹನದ ಚಾಲಕ, ಇಬ್ಬರು ಮಕ್ಕಳು ಓದುತ್ತಿದ್ದಾರೆ, ಸಂಘದ ಸಾಲಕ್ಕೆ ವಾರದ ಕಂತು ಇದೆ. ಕೆಲಸ ಹೋದ ಮೇಲಿನ ಒಂದೂವರೆ ವರ್ಷದಲ್ಲಿ ಅವರು 30 ದಿನಗಳ ಹೊಲಿಗೆ ತರಬೇತಿಯನ್ನೂ 10 ದಿನಗಳ ಅಣಬೆ ಬೇಸಾಯದ ತರಬೇತಿಯನ್ನೂ ಮುಗಿಸಿದ್ದರು. ಎರಡರ ಪ್ರಮಾಣಪತ್ರಗಳೂ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದ್ದವು. ಮೂರನೆಯದಾಗಿ ಬ್ಯೂಟಿಷಿಯನ್ ತರಬೇತಿಗೆ ಸೇರುವ ಮನಸ್ಸಿತ್ತು.

ಮೊದಲೆರಡು ಭೇಟಿಗಳಲ್ಲಿ ವಿಶೇಷವೇನೂ ನಡೆಯಲಿಲ್ಲ. ಮೂರನೆಯ ಭೇಟಿಯಲ್ಲಿ ನಾನು ಅರ್ಜಿಯನ್ನು ಬದಿಗಿಟ್ಟು, ಈ ತರಬೇತಿಯೂ ಮುಗಿಯಿತು ಎಂದಿಟ್ಟುಕೊಳ್ಳಿ, ಮರುದಿನ ಬೆಳಿಗ್ಗೆ ನೀವು ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇದು: “ಮನೇಲಿ ಕೂತ್ರೆ ಮಾವ ದಿನಾ ಕೇಳ್ತಾರೆ ಮೇಡಂ, ಎಲ್ಲಾದ್ರೂ ಕೆಲ್ಸ ಸಿಕ್ತಾ ಅಂತ. ಟ್ರೈನಿಂಗಿಗೆ ಹೋಗ್ತಿದೀನಿ ಅಂದ್ರೆ ಯಾರೂ ಏನೂ ಕೇಳಲ್ಲ.”

ಮನೆಯವರ ದಿನದಿನದ ಪ್ರಶ್ನೆಯಿಂದ ಅವರಿಗೆ ಬೇಕಾಗಿದ್ದ ಬಿಡುವನ್ನು ತರಬೇತಿ ಕೊಡುತ್ತಿತ್ತು. ಬೆಳಿಗ್ಗೆ ಸೀರೆ ಬದಲಿಸಿ ಹೊರಡಲು ಒಂದು ಕಾರಣ, ಮಾತಾಡಲು ಜೊತೆಯವರು, ಮಧ್ಯಾಹ್ನದ ಊಟ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೂ ದುಡ್ಡು ಬೇಕಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲವೆಂದು ಅವರಿಗೆ ಆಗಲೇ ಹೇಳಿದೆ, ಏಕೆಂದರೆ ಆ ಮಾತು ಬಾಯಿಂದ ಬಂದ ಕೂಡಲೇ ಅವರು ತಲೆ ತಗ್ಗಿಸಿದ್ದರು. ಆದರೆ ಆ ಬಿಡುವಿಗಾಗಿ ಅವರು ತೆರುತ್ತಿದ್ದ ಬೆಲೆಯನ್ನೂ ಹೇಳಬೇಕಿತ್ತು. ಅದು ಅಕ್ಟೋಬರ್ ಕೊನೆಯ ವಾರ. ಅರೇಬಿಕಾ ಕೊಯ್ಲು ಶುರುವಾಗುವುದರಲ್ಲಿತ್ತು, ರೋಬಸ್ಟಾ ಅದರ ಹಿಂದೆಯೇ ಬರುತ್ತದೆ, ಕ್ಯೂರಿಂಗ್ ವರ್ಕ್ಸ್‌ಗಳೂ ಬೀಜದ ವ್ಯಾಪಾರಿಗಳೂ ಹಂಗಾಮಿಗೆ ಜನರನ್ನು ಗೊತ್ತುಮಾಡಿಕೊಳ್ಳುವ ಸಮಯ. ಬ್ಯೂಟಿಷಿಯನ್ ತರಬೇತಿಗೆ ಸೇರಿದರೆ ಇನ್ನೊಂದು ಹಂಗಾಮು ಕೈತಪ್ಪುತ್ತಿತ್ತು.

ನಿಮ್ಮ ಕೆಲಸ ಏನಿತ್ತು, ಬೆಳಗಿನಿಂದ ಹೇಳಿ ಎಂದೆ. “ಏನಿಲ್ಲ ಮೇಡಂ, ಬೀಜ ಆರ್ಸೋದು ಅಷ್ಟೆ” ಎಂದರು. ಆರಿಸಿ ತೆಗೆಯುತ್ತಿದ್ದದ್ದು ಏನನ್ನು ಎಂದು ಒತ್ತಿ ಕೇಳಿದ ಮೇಲೆ ಮಾತು ಬಿಚ್ಚಿತು. ಕಪ್ಪು ಬೀಜ, ಕಂದು ಬೀಜ, ಒಡೆದದ್ದು, ಬಿಳಿಚಿಕೊಂಡದ್ದು, ಕಾಯಿಕೊರಕ ಹುಳು ಸೂಜಿ ಮೊನೆಯಷ್ಟು ತೂತು ಮಾಡಿದ್ದು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಕಚ್ಚಿದ್ದು, ಹುಳಿತು ನಾರುವುದು. ಕಣದಲ್ಲಿ ಒಣಗುವಾಗ ಮಳೆಗೆ ಸಿಕ್ಕಿದ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಬೀಜ) ಯಾವುದು ಎಂಬುದನ್ನು ಬೀಜದ ಬಣ್ಣದಲ್ಲಿ ಹೇಳಬಲ್ಲರು. ಸರಿಯಾಗಿ ಒಣಗಿದೆಯೇ ಎಂಬುದನ್ನು ಹಲ್ಲಿನಲ್ಲಿ ಕಚ್ಚಿ ಹೇಳಬಲ್ಲರು. ಎಎ, ಎ, ಬಿ, ಪೀಬೆರಿ ಎಂಬ ದರ್ಜೆಗಳ ವ್ಯತ್ಯಾಸ ಜರಡಿ ಇಲ್ಲದೆಯೇ ಕೈಗೆ ತಿಳಿಯುತ್ತದೆ. ಹೊಸ ಯಂತ್ರದ ಬಗ್ಗೆ ಕೇಳಿದಾಗಲೂ ಅವರ ಉತ್ತರ ಸ್ಪಷ್ಟವಾಗಿತ್ತು: ಕ್ಯಾಮೆರಾ ಬಣ್ಣ ಹಿಡಿಯುತ್ತದೆ, ಗಾಳಿ ಊದಿ ಕೆಟ್ಟ ಬೀಜವನ್ನು ಹೊರಗೆ ತಳ್ಳುತ್ತದೆ, ಬಿಗಿಯಾಗಿ ಇಟ್ಟರೆ ಒಳ್ಳೆಯ ಬೀಜವೂ ಕೆಟ್ಟದ್ದರ ಜೊತೆ ಹೋಗುತ್ತದೆ, ಸಡಿಲ ಬಿಟ್ಟರೆ ಸಣ್ಣ ತೂತಿನ ಬೀಜ ಉಳಿದುಬಿಡುತ್ತದೆ, ಅದಕ್ಕೇ ಯಂತ್ರದ ಪಕ್ಕ ಒಬ್ಬರು ತಟ್ಟೆ ಹಿಡಿದು ನೋಡುತ್ತಿರಬೇಕು.

ಇಷ್ಟನ್ನೂ ಹೇಳಿದವರು ಅಣಬೆ ತರಬೇತಿಯ ಅರ್ಜಿಯಲ್ಲಿ ಅನುಭವ ಎಂಬ ಕಡೆ ‘ಇಲ್ಲ’ ಎಂದು ಬರೆದಿದ್ದರು. ಆ ಅರ್ಜಿಯ ನಕಲು ನನ್ನ ಮೇಜಿನ ಮೇಲೆಯೇ ಇತ್ತು. ನನ್ನನ್ನು ಹೆಚ್ಚು ಕಾಡಿದ್ದು ಇದು. 17 ಹಂಗಾಮುಗಳ ನಂತರವೂ ಒಬ್ಬ ದುಡಿಯುವ ಹೆಂಗಸು ತನಗೆ ಏನೂ ಬಾರದು ಎಂದು ಬರೆದುಕೊಡುವ ಹಾಗಾಗಿದ್ದರೆ, ಅವರನ್ನು ಇನ್ನೊಂದು ವಿದ್ಯೆಯ ಮೊದಲ ಪಾಠಕ್ಕೆ ಕೂರಿಸುವುದು ಆ ನಂಬಿಕೆಯನ್ನೇ ಗಟ್ಟಿಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ದಿನ ಕೊಟ್ಟ ಸಲಹೆಯಲ್ಲಿ ಮೊದಲನೆಯದು ಬರಬೇಕಾದ ಹಣದ್ದು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಹೋದವರಿಗಾದರೆ ನೌಕರರ ರಾಜ್ಯ ವಿಮೆಯ (ಇಎಸ್‌ಐ) ಸದಸ್ಯತ್ವದ ಮೂಲಕ 2018ರಲ್ಲಿ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಒಂದಿಷ್ಟು ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿಸುತ್ತೇವೆ. ಕಾಫಿ ತಯಾರಿಕೆಯ ಋತುಮಾನದ ಕಾರ್ಖಾನೆಗಳನ್ನು 1948ರ ಇಎಸ್‌ಐ ಕಾಯ್ದೆ ಹೊರಗಿಟ್ಟಿತ್ತು. ಇವರಿಗೆ ಇಎಸ್‌ಐ ಸಂಖ್ಯೆಯೇ ಇರಲಿಲ್ಲ. ಆದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ಹಣದ, ಅಂದರೆ ಗ್ರಾಚ್ಯುಟಿಯ, 1972ರ ಕಾಯ್ದೆ ಹಂಗಾಮಿನ ಕೆಲಸಗಾರರನ್ನು ಕೈಬಿಟ್ಟಿರಲಿಲ್ಲ. ಹಂಗಾಮಿಗೆ 7 ದಿನಗಳ ಕೂಲಿಯಂತೆ ಅವರಿಗೂ ಹಕ್ಕು ಕೊಟ್ಟಿತ್ತು. ಹೆಸರು ದಾಖಲಾಗಿದ್ದ 8 ಹಂಗಾಮುಗಳಿಗೆ 56 ದಿನಗಳ ಕೂಲಿ. ಕೇಳಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗೋಣ ಎಂದೆ.

ಪಿಎಫ್ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಮಾತಾಡಬೇಕಾಯಿತು. ಸೈಬರ್ ಸೆಂಟರಿನಲ್ಲಿ ಪಿಎಫ್ ಹಣ ತೆಗೆಯುವ ಫಾರಂ 19ರ ಜೊತೆಗೆ ಪಿಂಚಣಿಯ ಭಾಗವನ್ನೂ ವಾಪಸು ಪಡೆಯಲು ಫಾರಂ 10ಸಿ ಹಾಕಿಸುವುದೆಂದು ಅವರು ನಿರ್ಧರಿಸಿದ್ದರು. ಪಿಎಫ್ ಹಣ ಬೇಕೇಬೇಕಿದ್ದರೆ ತೆಗೆಯಿರಿ, ಪಿಂಚಣಿಯ ಭಾಗವನ್ನು ಮಾತ್ರ ಮುಟ್ಟಬೇಡಿ ಎಂದೆ. 1995ರ ಪಿಂಚಣಿ ಯೋಜನೆಯಲ್ಲಿ 10 ವರ್ಷ ತುಂಬಿದರೆ 58ರ ನಂತರ ಪ್ರತಿ ತಿಂಗಳೂ ಪಿಂಚಣಿ ಬರುತ್ತದೆ. ಹಂಗಾಮಿನ ಕೆಲಸಗಾರರಿಗೆ ಒಂದು ಹಂಗಾಮನ್ನು ಪೂರ್ಣ ಒಂದು ವರ್ಷವೆಂದೇ ಲೆಕ್ಕ ಹಿಡಿಯುತ್ತಾರೆ. ಅವರಿಗೆ ಬೇಕಿದ್ದದ್ದು ಇನ್ನು ಎರಡೇ ಹಂಗಾಮು. ಈಗ ಆ ಹಣ ವಾಪಸು ಪಡೆದರೆ 8 ವರ್ಷಗಳೂ ಅಳಿಸಿಹೋಗುತ್ತವೆ. ಅದೇ ಫಾರಂ 10ಸಿಯಲ್ಲಿ ಹಣದ ಬದಲು, ಆಗಿರುವ ಸೇವೆಯನ್ನು ಉಳಿಸಿಕೊಡುವ ಸ್ಕೀಮ್ ಸರ್ಟಿಫಿಕೇಟ್ ಕೇಳಿದರೆ ಮುಂದಿನ ಕಡೆಯ ಸೇವೆ ಅದಕ್ಕೆ ಸೇರುತ್ತದೆ. ಈ ಮಾತನ್ನು ಓದುಗರಲ್ಲಿ ಯಾರಾದರೂ ತಮ್ಮ ಮನೆಯ ಒಬ್ಬರಿಗೆ ಹೇಳಿದರೂ ನಾನು ಬರೆದದ್ದಕ್ಕೆ ಪ್ರಯೋಜನವಾಯಿತು ಎಂದುಕೊಳ್ಳುತ್ತೇನೆ.

ಕೆಲಸ ಹುಡುಕುವ ಬಗ್ಗೆ ಹೇಳಿದ್ದು ಸರಳ. ಆ ದಿನ ಅವರು ಹೇಳಿದ್ದನ್ನೆಲ್ಲ ಕನ್ನಡದಲ್ಲಿಯೇ ಒಂದು ಹಾಳೆಗೆ ಇಳಿಸಿದೆವು, ಅವರದೇ ಮಾತಿನಲ್ಲಿ. ಅದನ್ನು ಹಿಡಿದು ಕ್ಯೂರಿಂಗ್ ವರ್ಕ್ಸ್‌ಗಳಿಗೂ ಬೀಜ ಕೊಳ್ಳುವ ಗೋದಾಮುಗಳಿಗೂ ನವೆಂಬರ್ ಒಳಗೆ ಖುದ್ದಾಗಿ ಹೋಗಬೇಕು, ‘ಏನಾದರೂ ಕೆಲಸ ಇದೆಯೇ’ ಎಂದು ಕೇಳದೆ, ಯಂತ್ರದಿಂದ ಬಂದ ಮಾದರಿಯನ್ನು ಪರೀಕ್ಷಿಸುವ ಕೆಲಸ ಬೇಕು ಎಂದು ಕೇಳಬೇಕು, ನಂಬಿಕೆ ಬಾರದಿದ್ದರೆ ಒಂದು ತಟ್ಟೆ ಬೀಜ ಕೊಟ್ಟು ನೋಡಿ ಎನ್ನಬೇಕು. ಯಂತ್ರದ ಹೊಂದಾಣಿಕೆಯನ್ನೂ ತೇವಾಂಶ ಅಳೆಯುವ ಮೀಟರನ್ನೂ ಅಲ್ಲಿಯೇ ಕಲಿಯಬೇಕು. ಅವರಿಗೆ ಬೇಕಾದ ಮರುತರಬೇತಿ ನನ್ನ ಲೆಕ್ಕದಲ್ಲಿ ಅಷ್ಟೇ.

ತರಬೇತಿಗೆ ನಾನು ವಿರೋಧಿಯೆಂದು ಸಹೋದ್ಯೋಗಿಗಳು ಹೇಳುವುದನ್ನು ಒಪ್ಪುವುದಿಲ್ಲ. ಹಾಸನದ ಗಾರ್ಮೆಂಟ್ಸ್ ಘಟಕದಿಂದ ಹೊರಬಿದ್ದ 20ರ ಹರೆಯದ ಹುಡುಗರನ್ನು ಅಲ್ಲಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಕೋರ್ಸುಗಳನ್ನು ವಿಚಾರಿಸಲು ನಾನೇ ಕಳುಹಿಸುತ್ತೇನೆ. ಅವರ ಮುಂದೆ ಕಾಲವಿದೆ, ಕಲಿತದ್ದನ್ನು ಕೊಳ್ಳುವ ಕಾರ್ಖಾನೆಗಳಿವೆ. ಜಿಲ್ಲೆಗೊಂದರಂತಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಕಲಿತು ಅಂಗಡಿ ಇಟ್ಟವರೂ ನನಗೆ ಗೊತ್ತು. ಅವರೆಲ್ಲ ಸ್ವಂತ ಉದ್ಯೋಗ ಮಾಡಬೇಕೆಂದೇ ಹೋದವರು. ಇವರ ಊರಿನಲ್ಲಿ ಆಗಲೇ ಮೂವರು ರವಿಕೆ ಹೊಲಿಯುವವರಿದ್ದಾರೆ. ಸಂಘದ ಕಂತು ಇರುವಾಗ ಮತ್ತೊಂದು ಸಾಲ ಮಾಡಿ ಅಂಗಡಿ ತೆರೆಯುವ ಧೈರ್ಯ ಅವರಿಗಿಲ್ಲ, ಇರಬೇಕೆಂದು ನಾನು ಹೇಳುವುದೂ ಇಲ್ಲ. ತರಬೇತಿ ಪಡೆದವರ ಸಂಖ್ಯೆಯನ್ನು ಮಾತ್ರ ನೋಡುವ ವರದಿಗಳಲ್ಲಿ ಇವರು ಎರಡು ಸಲ ಯಶಸ್ವಿ ಫಲಾನುಭವಿ. ಮನೆಗೆ ಮಾತ್ರ ಒಂದೂವರೆ ವರ್ಷ ಅವರ ದುಡಿಮೆಯ ಆದಾಯ ಬಂದಿರಲಿಲ್ಲ.

ಮನೆಯವರ ಪ್ರಶ್ನೆ ಉಳಿಯಿತು. ಅದಕ್ಕೆ ಅವರ ಗಂಡನನ್ನು ಒಮ್ಮೆ ಕರೆಸಿಕೊಂಡು ಮಾತಾಡಿದೆ. ಕೆಲಸ ಸಿಕ್ಕಿತೇ ಎಂದು ದಿನವೂ ಕೇಳುವ ಬದಲು, ಈ ವಾರ ಯಾವ ಕಡೆ ಹೋಗಿ ಬಂದೆ ಎಂದು ವಾರಕ್ಕೊಮ್ಮೆ ಕೇಳುವಂತೆ ನಿಮ್ಮ ಅಪ್ಪನಿಗೆ ತಿಳಿಸಿ ಎಂದೆ. ಗಂಡ ತಾವೇ ಅವರನ್ನು ಎರಡು ಕಡೆ ಪಿಕಪ್‌ನಲ್ಲಿ ಕರೆದುಕೊಂಡು ಹೋದರು.

ಎರಡು ಕಡೆಯಿಂದ ಕರೆ ಬಂತು. ಒಂದು ಸಣ್ಣ ಗೋದಾಮು ದಿನಕ್ಕೆ ಹೆಚ್ಚು ಕೂಲಿ ಕೊಡುತ್ತೇನೆಂದಿತು, ಪಿಎಫ್ ಇಲ್ಲ. ಒಂದು ಕ್ಯೂರಿಂಗ್ ವರ್ಕ್ಸ್ ಮಾದರಿ ಪರೀಕ್ಷೆಯ ಕೆಲಸ ಕೊಟ್ಟಿತು, ಕೂಲಿ ಕಡಿಮೆ, ಹಾಜರಿ ಪುಸ್ತಕದಲ್ಲಿ ಹೆಸರು ಉಂಟು, ಪಿಎಫ್ ಉಂಟು. ಅವರು ಎರಡನೆಯದನ್ನು ಆರಿಸಿಕೊಂಡರು. ಗ್ರಾಚ್ಯುಟಿಯ ಅರ್ಜಿ ಇನ್ನೂ ನಡೆಯುತ್ತಿದೆ. ಮಳೆಗಾಲದ ತಿಂಗಳುಗಳಿಗೆ ದಾರಿ ಇನ್ನೂ ಕಂಡಿಲ್ಲ. ಹೊಲಿಗೆ ಆಗ ಒಂದಿಷ್ಟು ಒದಗಬಹುದು, ಮೊದಲ ಹಂಗಾಮಿನ ಜಮಾಖರ್ಚು ನೋಡಿ ತೀರ್ಮಾನಿಸೋಣ ಎಂದಿದ್ದೇನೆ. ಈ ಹಂಗಾಮು ಮುಗಿದರೆ ಪಿಂಚಣಿಗೆ ಒಂಬತ್ತನೆಯ ವರ್ಷ ಸೇರುತ್ತದೆ. ಹತ್ತನೆಯದಕ್ಕೂ ಹೆಸರು ಅದೇ ಪುಸ್ತಕದಲ್ಲಿ ಇರುವಂತೆ ಮ್ಯಾನೇಜರ ಬಳಿ ಈಗಲೇ ಮಾತಾಡಿಟ್ಟುಕೊಳ್ಳಿ ಎಂದು ಹೋದ ವಾರ ಫೋನಿನಲ್ಲಿ ಹೇಳಿದೆ.